ಮೆದುಳಿನ ರಕ್ತನಾಳ ಹಿಗ್ಗಿ ತಿರುಚಿಕೊಂಡರೆ? ‘ಡೋಲಿಕೋಎಕ್ಟೇಸಿಯಾ’ ಎಂದರೇನು, ಪತ್ತೆ ಹೇಗೆ?

ಬೋಪಾಲ್ (ಅಹಮದಾಬಾದ್): ತಲೆಸುತ್ತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ವಾರಗಟ್ಟಲೆ ಬಿಡದ ತಲೆನೋವು ಎಂದು ಮೆದುಳಿನ ಎಂಆರ್‌ಐ ಮಾಡಿಸಿದ ಕೆಲವರ ವರದಿಯ ಕೊನೆಯಲ್ಲಿ ಒಂದು ಸಾಲು ಇರುತ್ತದೆ: ‘ಬ್ಯಾಸಿಲರ್ ಅಪಧಮನಿ ಎಕ್ಟಾಟಿಕ್ ಮತ್ತು ಟಾರ್ಚುಯಸ್ ಆಗಿದೆ’. ಕೆಲವು ವರದಿಗಳಲ್ಲಿ ಇನ್ನೂ ಉದ್ದದ ಪದ ಕಾಣುತ್ತದೆ, ‘ವರ್ಟೆಬ್ರೊಬ್ಯಾಸಿಲರ್ ಡೋಲಿಕೋಎಕ್ಟೇಸಿಯಾ’. ವರದಿ ಕೈಗೆ ಬರುವುದು ಇಂದು ಸಂಜೆ, ವೈದ್ಯರ ಭೇಟಿ ಸಿಗುವುದು ಮೂರು ದಿನ ಬಿಟ್ಟು. ಅಷ್ಟರಲ್ಲಿ ಮನೆಮಂದಿಯೆಲ್ಲ ಮೊಬೈಲ್‌ನಲ್ಲಿ ಹುಡುಕಿ ಮುಗಿಸಿರುತ್ತಾರೆ. ಒಬ್ಬರು ‘ಯಾವಾಗ ಬೇಕಾದರೂ ನರ ಒಡೆಯುತ್ತದಂತೆ’ ಎನ್ನುತ್ತಾರೆ. ಇನ್ನೊಬ್ಬರು ‘ವಯಸ್ಸಾದ ಮೇಲೆ ಎಲ್ಲರಿಗೂ ಇರುತ್ತೆ, ಬಿಡಿ’ ಎನ್ನುತ್ತಾರೆ. ಎರಡೂ ಪೂರ್ತಿ ಸರಿಯಲ್ಲ.

ಇಲ್ಲಿ ಹೇಳುತ್ತಿರುವ ಬೋಪಾಲ್ ಮಧ್ಯಪ್ರದೇಶದ ರಾಜಧಾನಿ ಭೋಪಾಲ್ ಅಲ್ಲ. ಅಹಮದಾಬಾದ್‌ನ ಪಶ್ಚಿಮ ಅಂಚಿನ ಬಡಾವಣೆ. ಬಾಹ್ಯಾಕಾಶ ಕ್ಷೇತ್ರದ ಖಾಸಗಿ ಸಂಸ್ಥೆಗಳಿಗೆ ಅನುಮತಿ ಕೊಡುವ ‘ಇನ್-ಸ್ಪೇಸ್’ನ ಕೇಂದ್ರ ಕಚೇರಿ 2022ರ ಜೂನ್‌ನಲ್ಲಿ ಉದ್ಘಾಟನೆಯಾದದ್ದು ಇಲ್ಲೇ. ಕೆಲಸಕ್ಕಾಗಿ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಆಸ್ಪತ್ರೆ ಒಂದು ಊರಲ್ಲಿ, ಸಲಹೆ ಕೇಳುವ ಬಂಧುಗಳು ಇನ್ನೊಂದು ಊರಲ್ಲಿ. ವರದಿಯ ಒಂದು ಸಾಲು ಫೋನಿನಲ್ಲಿ ಊರಿಗೆ ತಲುಪುವಷ್ಟರಲ್ಲಿ ಅದರ ಅರ್ಥವೇ ಬದಲಾಗಿರುತ್ತದೆ. ಹಾಗಾಗಿ ಗುಜರಾತ್‌ನಲ್ಲಿರುವವರಿಗೂ ಕರ್ನಾಟಕದಲ್ಲಿರುವವರಿಗೂ ಉಪಯೋಗಕ್ಕೆ ಬರುವಂತೆ ಈ ಕಾಯಿಲೆಯ ವಿವರ ಇಲ್ಲಿದೆ.

ನರ ಬೇರೆ, ರಕ್ತನಾಳ ಬೇರೆ

ಮೊದಲು ಒಂದು ಮಾತಿನ ಗೊಂದಲ ಬಿಡಿಸಿಕೊಳ್ಳಬೇಕು. ಆಡುಮಾತಿನಲ್ಲಿ ನಾವು ರಕ್ತ ಹರಿಯುವ ಕೊಳವೆಗೂ ‘ನರ’ ಎನ್ನುತ್ತೇವೆ, ಸಂದೇಶ ಒಯ್ಯುವ ತಂತುವಿಗೂ ‘ನರ’ ಎನ್ನುತ್ತೇವೆ. ಕೈಯಲ್ಲಿ ಇಂಜೆಕ್ಷನ್ ಕೊಡಲು ‘ನರ ಸಿಗುತ್ತಿಲ್ಲ’ ಎಂದು ಹೇಳುವುದು ರಕ್ತನಾಳದ ಬಗ್ಗೆ. ‘ಮೆದುಳಿನ ನರ ಒಡೆದು ಸಾವು’ ಎಂದು ಸುದ್ದಿಗಳ ತಲೆಬರಹದಲ್ಲಿ ಬರುವುದೂ ರಕ್ತನಾಳದ ಬಗ್ಗೆಯೇ. ಬೇರೆ ಕಾಯಿಲೆಗಳಲ್ಲಿ ಈ ಗೊಂದಲದಿಂದ ದೊಡ್ಡ ನಷ್ಟವಿಲ್ಲ. ಈ ಕಾಯಿಲೆಯಲ್ಲಿ ಮಾತ್ರ ಇದೆ, ಯಾಕೆಂದರೆ ಇಲ್ಲಿ ಹಿಗ್ಗಿದ ರಕ್ತನಾಳವು ಪಕ್ಕದಲ್ಲಿರುವ ನರವನ್ನು ಒತ್ತುತ್ತದೆ. ಎರಡಕ್ಕೂ ಒಂದೇ ಪದ ಬಳಸಿದರೆ ಏನಾಗುತ್ತಿದೆ ಎಂಬುದೇ ತಿಳಿಯದು. ಈ ಲೇಖನದಲ್ಲಿ ಹೃದಯದಿಂದ ರಕ್ತ ಒಯ್ಯುವ ಕೊಳವೆಗೆ ಅಪಧಮನಿ ಅಥವಾ ರಕ್ತನಾಳ ಎಂದೂ, ಸಂದೇಶದ ತಂತುವಿಗೆ ಮಾತ್ರ ನರ ಎಂದೂ ಬಳಸಲಾಗಿದೆ.

ಡೋಲಿಕೋಎಕ್ಟೇಸಿಯಾ ಗ್ರೀಕ್ ಮೂಲದ ಪದ. ‘ಡೋಲಿಕೋಸ್’ ಎಂದರೆ ಉದ್ದ, ‘ಎಕ್ಟಾಸಿಸ್’ ಎಂದರೆ ಹಿಗ್ಗುವಿಕೆ. ಅಪಧಮನಿ ಇರಬೇಕಾದುದಕ್ಕಿಂತ ಉದ್ದವಾಗಿ, ದಪ್ಪವಾಗಿ, ತಲೆಬುರುಡೆಯೊಳಗಿನ ಇಕ್ಕಟ್ಟಾದ ಜಾಗದಲ್ಲಿ ಹಿಡಿಸದೆ ಹಾವಿನಂತೆ ಬಾಗಿ ತಿರುಚಿಕೊಳ್ಳುವ ಸ್ಥಿತಿಗೆ ಈ ಹೆಸರು. ತಲೆಯ ಮುಂಭಾಗಕ್ಕೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯಲ್ಲೂ ಇದು ಆಗಬಹುದು. ಆದರೆ ಹೆಚ್ಚಾಗಿ ಕಾಣುವುದು ಮೆದುಳಿನ ಹಿಂಭಾಗಕ್ಕೆ ರಕ್ತ ಕೊಡುವ ಜಾಲದಲ್ಲಿ.

ಆ ಜಾಲವನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುತ್ತವಲ್ಲ, ಹಾಗೆಯೇ ಕುತ್ತಿಗೆಯ ಮೂಳೆಗಳ ರಂಧ್ರಗಳ ಮೂಲಕ ಮೇಲೇರುವ ಎಡ ಮತ್ತು ಬಲ ವರ್ಟೆಬ್ರಲ್ ಅಪಧಮನಿಗಳು ತಲೆಬುರುಡೆಯೊಳಗೆ ಸೇರಿ ಒಂದೇ ಬ್ಯಾಸಿಲರ್ ಅಪಧಮನಿಯಾಗುತ್ತವೆ. ಇದು ಮೆದುಳುಕಾಂಡದ ಮುಂಭಾಗಕ್ಕೆ ಅಂಟಿಕೊಂಡಂತೆ ಮೇಲೇರಿ, ಕೊನೆಯಲ್ಲಿ ಮತ್ತೆ ಎರಡಾಗಿ ಕವಲೊಡೆಯುತ್ತದೆ. ದಪ್ಪ ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು. ದಾರಿಯುದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಕವಲುಗಳು ಮೆದುಳುಕಾಂಡದೊಳಗೆ ಇಳಿಯುತ್ತವೆ. ಉಸಿರಾಟ, ನುಂಗುವುದು, ಕಣ್ಣಿನ ಚಲನೆ, ಎಚ್ಚರ ಎಲ್ಲವನ್ನೂ ನಡೆಸುವ ಭಾಗ ಅದು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೆಲ್ಲ ಇರುವುದರಿಂದಲೇ ಕೆಲವೇ ಮಿಲಿಮೀಟರ್‌ಗಳ ಹೆಚ್ಚುಕಡಿಮೆಗೂ ಬೆಲೆ ಇದೆ.

ಸಲ್ಮಾನ್ ಖಾನ್ ಹೇಳಿದ್ದು ಇದನ್ನೇ?

2025ರ ಜೂನ್‌ನಲ್ಲಿ ‘ದಿ ಗ್ರೇಟ್ ಇಂಡಿಯನ್ ಕಪಿಲ್ ಶೋ’ದಲ್ಲಿ ನಟ ಸಲ್ಮಾನ್ ಖಾನ್ ತಮಗೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಮೆದುಳಿನಲ್ಲಿ ಅನ್ಯೂರಿಸಮ್ ಮತ್ತು ಎವಿ ಮಾಲ್ಫಾರ್ಮೇಶನ್ ಇದೆ ಎಂದು ಹೇಳಿಕೊಂಡಿದ್ದರು. ಮುಖದ ನೋವಿಗಾಗಿ ಅವರು 2011ರಲ್ಲೇ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಅವರ ಮಾತು ಬಂದ ದಿನದಿಂದ ಈ ಹೆಸರುಗಳೆಲ್ಲ ಒಟ್ಟಿಗೆ ಕಲಸಿಹೋಗಿವೆ. ಡೋಲಿಕೋಎಕ್ಟೇಸಿಯಾ ಎಂಬ ಪದವನ್ನು ಅವರು ಹೇಳಿಲ್ಲ. ಇವು ಬೇರೆ ಬೇರೆ ಸ್ಥಿತಿಗಳು.

ಅನ್ಯೂರಿಸಮ್ ಎಂದರೆ ರಕ್ತನಾಳದ ಗೋಡೆಯ ಒಂದು ಕಡೆ ಮಾತ್ರ ಗುಳ್ಳೆಯಂತೆ ಉಬ್ಬುವುದು, ಸೈಕಲ್ ಟ್ಯೂಬಿನ ಸವೆದ ಜಾಗ ಉಬ್ಬಿದ ಹಾಗೆ. ಅದರ ದೊಡ್ಡ ಭಯ ಒಡೆಯುವುದು. ಎವಿ ಮಾಲ್ಫಾರ್ಮೇಶನ್ ಎಂದರೆ ಅಪಧಮನಿಯೂ ಅಭಿಧಮನಿಯೂ ನಡುವಿನ ಸೂಕ್ಷ್ಮ ನಾಳಗಳಿಲ್ಲದೆ ನೇರವಾಗಿ ಸಿಕ್ಕುಸಿಕ್ಕಾಗಿ ಕೂಡಿಕೊಂಡಿರುವುದು. ಡೋಲಿಕೋಎಕ್ಟೇಸಿಯಾದಲ್ಲಿ ಉಬ್ಬು ಒಂದು ಕಡೆಯದಲ್ಲ. ನಾಳ ಉದ್ದಕ್ಕೂ ಹಿಗ್ಗಿ ಸಡಿಲವಾಗಿರುತ್ತದೆ. ಬಿಸಿಲಿಗೆ ಬಿದ್ದು ಹಳತಾದ ತೋಟದ ರಬ್ಬರ್ ಪೈಪನ್ನು ನೆನಪಿಸಿಕೊಳ್ಳಿ. ಒಡೆಯುವ ಸಾಧ್ಯತೆ ಇದರಲ್ಲೂ ಇದೆ, ಆದರೆ ಸಾಮಾನ್ಯ ಅಪಾಯ ಅದಲ್ಲ. ಸಾಮಾನ್ಯ ಅಪಾಯಗಳು ಎರಡು: ಒಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವುದು, ಹೊರಗೆ ನರವನ್ನೋ ಮೆದುಳುಕಾಂಡವನ್ನೋ ಒತ್ತುವುದು. ವರದಿ ಓದಿ ಹೆದರುವವರು ಹೆದರುವುದು ಒಡೆಯುವುದಕ್ಕೆ. ಗಮನ ಇಡಬೇಕಾದ್ದು ಹೆಪ್ಪುಗಟ್ಟುವುದರ ಮೇಲೆ.

ಹೆಪ್ಪುಗಟ್ಟುವುದು ಏಕೆ?

ವಡೋದರಾದಲ್ಲಿ ವಿಶ್ವಾಮಿತ್ರಿ ನದಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಊರೊಳಗೆ ಅಂಕುಡೊಂಕಾಗಿ ಸುತ್ತುವ ಆ ನದಿಯಂತೆ, ಅಗಲವಾಗಿ ಬಾಗಿದ ಕಡೆ ಹರಿವು ನಿಧಾನವಾಗುತ್ತದೆ, ಸುಳಿಯುತ್ತದೆ, ಹೂಳು ನಿಲ್ಲುತ್ತದೆ. ಹಿಗ್ಗಿದ ಅಪಧಮನಿಯಲ್ಲೂ ರಕ್ತ ಮುಂದಕ್ಕೆ ರಭಸವಾಗಿ ಹೋಗುವ ಬದಲು ಅಲ್ಲಲ್ಲೇ ಹಿಂದೆ ಮುಂದೆ ತೂಗುತ್ತದೆ, ಗೋಡೆಗೆ ಅಂಟಿಕೊಂಡು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಳಚಿ ಮುಂದಕ್ಕೆ ಹೋಗಿ ಸಣ್ಣ ನಾಳವನ್ನು ಮುಚ್ಚಬಹುದು. ಅಥವಾ ಹೆಪ್ಪೇ ಮೆದುಳುಕಾಂಡದ ಸಣ್ಣ ಕವಲುಗಳ ಬಾಯಿ ಮುಚ್ಚಬಹುದು. ನಾಳ ಎಳೆದು ತಿರುಚಿದಾಗ ಆ ಕವಲುಗಳೂ ಎಳೆದು ಕಿರಿದಾಗುತ್ತವೆ.

ನಾಳ ಹೀಗೆ ಸಡಿಲವಾಗುವುದಕ್ಕೆ ಕಾರಣ ಅದರ ಗೋಡೆಯಲ್ಲೇ ಇದೆ. ಅಪಧಮನಿಯ ಒಳಪದರದ ಬಳಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಒಂದು ಸ್ಥಿತಿಸ್ಥಾಪಕ ಪೊರೆ ಇದೆ. ಅದು ತುಂಡುತುಂಡಾಗಿ, ಅದರ ಹೊರಗಿನ ಸ್ನಾಯು ಪದರ ತೆಳುವಾದಾಗ ನಾಳ ತನ್ನ ಆಕಾರ ಉಳಿಸಿಕೊಳ್ಳಲಾರದು. ಕೊಬ್ಬು ಮೆತ್ತಿಕೊಂಡು ನಾಳ ಕಿರಿದಾಗುವ ಸಾಮಾನ್ಯ ಕಾಯಿಲೆಗಿಂತ ಇದು ಬೇರೆ, ಕೆಲವರಲ್ಲಿ ಎರಡೂ ಒಟ್ಟಿಗೇ ಇರುತ್ತವೆ. 60 ದಾಟಿದವರಲ್ಲಿ, ಗಂಡಸರಲ್ಲಿ, ಬಹುಕಾಲದಿಂದ ರಕ್ತದೊತ್ತಡ ಇರುವವರಲ್ಲಿ, ತಂಬಾಕು ಬಳಸುವವರಲ್ಲಿ ಹೆಚ್ಚು ಕಾಣುತ್ತದೆ. ಇವರಲ್ಲಿ ಎಷ್ಟೋ ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತದೆ.

ಇಟಲಿಯ ಸಿಯೆನಾದ ವೈದ್ಯರು ಇಂಥ 156 ಮಂದಿಯನ್ನು ಸರಾಸರಿ ಸುಮಾರು 12 ವರ್ಷ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಎದುರಾದ ತೊಂದರೆಗಳಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟಿ ಆದ ಪಾರ್ಶ್ವವಾಯು. ಮೊದಲ ಸ್ಕ್ಯಾನ್‌ನಲ್ಲೇ ನಾಳ ತೀರಾ ಹಿಗ್ಗಿದ್ದವರಿಗೆ ಕಷ್ಟವೂ ಹೆಚ್ಚು. ‘ಎಲ್ಲರಿಗೂ ಇರುತ್ತೆ, ಬಿಡಿ’ ಎನ್ನುವವರು ಓದಬೇಕಾದ ಅಧ್ಯಯನ ಇದು.

ಕಣ್ಣು ಹೊಡೆದುಕೊಳ್ಳುವುದೂ ಹಲ್ಲುನೋವೂ

ಎಡಗಣ್ಣು ಅದುರಿದರೆ ಹಾಗೆ, ಬಲಗಣ್ಣು ಅದುರಿದರೆ ಹೀಗೆ ಎಂದು ನಮ್ಮಲ್ಲಿ ಶಕುನ ನೋಡುವುದುಂಟು. ನಿದ್ದೆಗೆಟ್ಟಾಗ, ಕಾಫಿ ಹೆಚ್ಚಾದಾಗ ರೆಪ್ಪೆ ಅದುರುವುದು ಸಹಜ, ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಆದರೆ ಒಂದೇ ಕಡೆಯ ರೆಪ್ಪೆಯಲ್ಲಿ ಶುರುವಾದ ಅದುರು ತಿಂಗಳುಗಳಲ್ಲಿ ಕೆನ್ನೆಗೆ, ಬಾಯಿಯ ಮೂಲೆಗೆ ಇಳಿದು, ಮುಖದ ಅರ್ಧ ಭಾಗವನ್ನೇ ಎಳೆಯತೊಡಗಿದರೆ ಅದು ಹೆಮಿಫೇಶಿಯಲ್ ಸ್ಪಾಸಮ್ ಆಗಿರಬಹುದು. ಮುಖದ ಸ್ನಾಯುಗಳನ್ನು ನಡೆಸುವ ಏಳನೇ ನರವು ಮೆದುಳುಕಾಂಡದಿಂದ ಹೊರಬರುವ ಜಾಗದಲ್ಲಿ ರಕ್ತನಾಳವೊಂದು ಅದನ್ನು ಮಿಡಿದು ಮಿಡಿದು ಒತ್ತುವುದರಿಂದ ಹೀಗಾಗುತ್ತದೆ.

ಐದನೇ ನರಕ್ಕೆ ಒತ್ತಡ ಬಿದ್ದರೆ ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಕರೆಂಟ್ ಹೊಡೆದಂತೆ ಕೆನ್ನೆಯಲ್ಲೋ ದವಡೆಯಲ್ಲೋ ಸೆಕೆಂಡುಗಳ ಕಾಲ ಬಂದು ಹೋಗುವ ನೋವು. ಹಲ್ಲುಜ್ಜಿದರೆ, ಮುಖ ತೊಳೆದರೆ, ತಂಗಾಳಿ ತಾಗಿದರೂ ಶುರು. ಹಲ್ಲುನೋವೆಂದು ಒಂದೊಂದಾಗಿ ಹಲ್ಲು ಕೀಳಿಸಿಕೊಂಡ ಮೇಲೆ ನರರೋಗ ತಜ್ಞರ ಬಳಿ ಬರುವವರು ಇಂದಿಗೂ ಇದ್ದಾರೆ. ರಕ್ತನಾಳ ಈ ನರವನ್ನು ಒತ್ತುವುದನ್ನು ಅಮೆರಿಕದ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ 1934ರಲ್ಲೇ ಬರೆದಿದ್ದರು. ಬಹುತೇಕ ರೋಗಿಗಳಲ್ಲಿ ಒತ್ತುವುದು ಬೇರೆ ಸಣ್ಣ ಅಪಧಮನಿ. ಹಿಗ್ಗಿದ ಬ್ಯಾಸಿಲರ್ ಅಪಧಮನಿಯೇ ಕಾರಣವಾಗುವುದು ಕೆಲವರಲ್ಲಿ ಮಾತ್ರ. ಆದರೆ ಅಂಥವರಲ್ಲಿ ಚಿಕಿತ್ಸೆ ಕಷ್ಟ, ಯಾಕೆಂದರೆ ದಪ್ಪ, ಗಡಸು ನಾಳವನ್ನು ಪಕ್ಕಕ್ಕೆ ಸರಿಸುವುದು ಸುಲಭದ ಕೆಲಸವಲ್ಲ.

ಎಂಟನೇ ನರಕ್ಕೆ ತಾಗಿದರೆ ಒಂದು ಕಿವಿಯ ಶ್ರವಣ ಕುಗ್ಗುವುದು, ಸದ್ದು ಕೇಳಿಸುವುದು, ತಲೆಸುತ್ತು. ಕಣ್ಣು ತಿರುಗಿಸುವ ನರಗಳಿಗೆ ತಾಗಿದರೆ ಒಂದು ವಸ್ತು ಎರಡಾಗಿ ಕಾಣುವುದು. ನಾಳ ಇನ್ನೂ ಮೇಲಕ್ಕೇರಿ ಮೆದುಳಿನ ಮೂರನೇ ಕುಹರವನ್ನು ಕೆಳಗಿನಿಂದ ಎತ್ತಿದರೆ ಒಳಗಿನ ದ್ರವದ ಹರಿವು ಕೆಟ್ಟು ಜಲಮಸ್ತಿಷ್ಕ ಆಗುತ್ತದೆ. ಆಗ ನಡಿಗೆ ತಡವರಿಸುತ್ತದೆ, ಮೂತ್ರದ ಮೇಲೆ ಹಿಡಿತ ತಪ್ಪುತ್ತದೆ, ಮರೆವು ಶುರುವಾಗುತ್ತದೆ. ಇದೆಲ್ಲ ವಯಸ್ಸಿನದು ಎಂದು ಮನೆಯವರು ಸುಮ್ಮನಿರುವುದೂ ಉಂಟು.

ಪತ್ತೆ ಹೇಗೆ?

ಕಾಯಿಲೆ ಹಳೆಯದು, ನೋಡುವ ಕಣ್ಣು ಹೊಸದು. ಸತ್ತ ಮೇಲೆ ದೇಹ ಕೊಯ್ದು ನೋಡುವ ಕಾಲದಲ್ಲೇ ವೈದ್ಯರಿಗೆ ಹಿಗ್ಗಿದ ನಾಳಗಳು ಸಿಕ್ಕಿದ್ದವು. ಬದುಕಿರುವವರ ಮೆದುಳಿನ ರಕ್ತನಾಳವನ್ನು ಎಕ್ಸ್‌ರೇಯಲ್ಲಿ ಕಾಣಿಸಿದ್ದು 1927ರಲ್ಲಿ, ಪೋರ್ಚುಗಲ್‌ನ ಎಗಾಸ್ ಮೊನಿಜ್. ಸಿಟಿ ಸ್ಕ್ಯಾನ್‌ನಲ್ಲಿ ಮೊದಲ ರೋಗಿಯ ಮೆದುಳು ನೋಡಿದ್ದು 1971ರಲ್ಲಿ, ಲಂಡನ್‌ನಲ್ಲಿ.

ಎಷ್ಟು ಹಿಗ್ಗಿದರೆ ‘ಹಿಗ್ಗಿದೆ’ ಎನ್ನಬೇಕು ಎಂಬುದಕ್ಕೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅಳತೆ ಅಮೆರಿಕದ ರೇಡಿಯಾಲಜಿ ತಜ್ಞೆ ವೆಂಡಿ ಸ್ಮೋಕರ್ ಮತ್ತು ಸಹೋದ್ಯೋಗಿಗಳು 1986ರಲ್ಲಿ ಸಿಟಿ ಸ್ಕ್ಯಾನ್ ಆಧರಿಸಿ ಕೊಟ್ಟದ್ದು. ಅವರು ಮೂರು ಸಂಗತಿ ನೋಡುತ್ತಾರೆ. ಬ್ಯಾಸಿಲರ್ ಅಪಧಮನಿಯ ದಪ್ಪ 4.5 ಮಿಲಿಮೀಟರ್ ಮೀರಿದೆಯೇ? ಅದು ಎಷ್ಟು ಎತ್ತರದಲ್ಲಿ ಕವಲೊಡೆಯುತ್ತದೆ? ನಡುಗೆರೆಯಿಂದ ಪಕ್ಕಕ್ಕೆ ಎಷ್ಟು ಸರಿದಿದೆ? ಎತ್ತರಕ್ಕೂ ಪಕ್ಕಕ್ಕೂ 0ರಿಂದ 3ರವರೆಗೆ ದರ್ಜೆ. ಎತ್ತರದಲ್ಲಿ 3 ಎಂದರೆ ನಾಳದ ತುದಿ ಮೂರನೇ ಕುಹರದ ತಳವನ್ನು ಮೇಲಕ್ಕೆ ದಬ್ಬುತ್ತಿದೆ ಎಂದರ್ಥ. ಪಕ್ಕದ ಸರಿತದಲ್ಲಿ 3 ಎಂದರೆ ಮುಖದ ಮತ್ತು ಕಿವಿಯ ನರಗಳು ಹಾದುಹೋಗುವ ಮೂಲೆಯನ್ನೇ ತಲುಪಿದೆ ಎಂದರ್ಥ. 2004ರಲ್ಲಿ ಉಬೋಗು ಮತ್ತು ಝೈದತ್ ಎಂಬ ವೈದ್ಯರು ಎಂಆರ್ ಆಂಜಿಯೋಗ್ರಫಿಗೆ ಬೇರೆ ಅಳತೆ ಸೂಚಿಸಿದರು: ಬ್ಯಾಸಿಲರ್ ಅಪಧಮನಿಯ ಉದ್ದ 29.5 ಮಿಲಿಮೀಟರ್‌ಗಿಂತ ಹೆಚ್ಚು ಅಥವಾ ಪಕ್ಕದ ಬಾಗು 10 ಮಿಲಿಮೀಟರ್‌ಗಿಂತ ಹೆಚ್ಚು ಇದ್ದರೆ ಅಸಹಜ.

ಇಲ್ಲಿ ಒಂದು ಮಾತು ಹೇಳಲೇಬೇಕು. ಎಷ್ಟೋ ವರದಿಗಳಲ್ಲಿ ‘ಟಾರ್ಚುಯಸ್’ ಎಂಬ ಪದ ಇರುತ್ತದೆ, ಅಳತೆ ಇರುವುದಿಲ್ಲ. ನಾಳ ಸ್ವಲ್ಪ ಬಾಗಿರುವುದು ವಯಸ್ಸಾದವರಲ್ಲಿ ಸಾಮಾನ್ಯ. ದಪ್ಪ ಸಹಜವಾಗಿದ್ದು ಬರೀ ಬಾಗಿದ್ದರೆ ಅದು ಡೋಲಿಕೋಎಕ್ಟೇಸಿಯಾ ಆಗಲೇಬೇಕೆಂದಿಲ್ಲ. ಹಾಗಾಗಿ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ‘ಇದು ಅಪಾಯವೇ’ ಎಂದಲ್ಲ, ‘ದಪ್ಪ ಎಷ್ಟು ಮಿಲಿಮೀಟರ್ ಇದೆ, ಏನನ್ನಾದರೂ ಒತ್ತುತ್ತಿದೆಯೇ, ಒಳಗೆ ಹೆಪ್ಪು ಇದೆಯೇ’ ಎಂದು.

ಯಾವ ಸ್ಕ್ಯಾನ್ ಎಂಬುದೂ ಮುಖ್ಯ. ಸಾದಾ ಸಿಟಿ ಸ್ಕ್ಯಾನ್‌ನಲ್ಲಿ ಗೋಡೆಗೆ ಸುಣ್ಣ ಕಟ್ಟಿದ ದಪ್ಪ ನಾಳ ಬಿಳಿ ಕೊಳವೆಯಂತೆ ಕಾಣಬಹುದು. ಆದರೆ ತಲೆಯ ಹಿಂಭಾಗದ ದಪ್ಪ ಮೂಳೆ ಚಿತ್ರವನ್ನು ಮಸುಕು ಮಾಡುತ್ತದೆ. ಎಂಆರ್‌ಐಯಲ್ಲಿ ವೇಗವಾಗಿ ಹರಿಯುವ ರಕ್ತ ಕಪ್ಪಾಗಿ ಕಂಡು ನಾಳದ ಆಕಾರ ಸ್ಪಷ್ಟವಾಗುತ್ತದೆ, ಸುತ್ತಲಿನ ಮೆದುಳುಕಾಂಡಕ್ಕೆ ಆದ ಹಾನಿಯೂ ತಿಳಿಯುತ್ತದೆ. ನರದ ಮೇಲೆ ಒತ್ತಡವಿದೆಯೇ ಎಂದು ನೋಡಲು ತೆಳುವಾದ ಪದರಗಳ ವಿಶೇಷ ಎಂಆರ್‌ಐ ಬೇಕು. ಸಾಮಾನ್ಯ ಎಂಆರ್‌ಐಯಲ್ಲಿ ಅದು ತಪ್ಪಿಹೋಗಬಹುದು. ಎಂಆರ್ ಆಂಜಿಯೋಗ್ರಫಿಯ ಸಾಮಾನ್ಯ ವಿಧಾನಕ್ಕೆ ಬಣ್ಣದ ಔಷಧ, ಅಂದರೆ ಕಾಂಟ್ರಾಸ್ಟ್ ಬೇಡ. ಒಂದೇ ತೊಡಕು, ಅದು ಹರಿವನ್ನೇ ಚಿತ್ರವಾಗಿಸುವ ತಂತ್ರ. ಈ ಕಾಯಿಲೆಯಲ್ಲಿ ಹರಿವೇ ನಿಧಾನ. ಹಾಗಾಗಿ ನಾಳ ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು. ಕಾಂಟ್ರಾಸ್ಟ್ ಕೊಟ್ಟು ಮಾಡುವ ಸಿಟಿ ಆಂಜಿಯೋಗ್ರಫಿಯಲ್ಲಿ ಈ ತೊಡಕು ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕಾಂಟ್ರಾಸ್ಟ್‌ಗೆ ಮೊದಲೇ ಕ್ರಿಯಾಟಿನಿನ್ ಪರೀಕ್ಷೆಯ ಫಲಿತಾಂಶ ತೋರಿಸಬೇಕು.

ತೊಡೆ ಅಥವಾ ಮುಂಗೈಯ ರಕ್ತನಾಳದಿಂದ ತೆಳು ಕೊಳವೆ ತೂರಿಸಿ ಮಾಡುವ ಡಿಎಸ್‌ಎ ಎಲ್ಲಕ್ಕಿಂತ ಸ್ಪಷ್ಟ ಚಿತ್ರ ಕೊಡುತ್ತದೆ. ಆದರೆ ಅದರಲ್ಲೇ ಪಾರ್ಶ್ವವಾಯುವಿನ ಸಣ್ಣ ಅಪಾಯವೂ ಇದೆ. ಬರೀ ಪತ್ತೆಗಾಗಿ ಅದನ್ನು ಮಾಡುವುದು ಈಗ ಕಡಿಮೆ. ಚಿಕಿತ್ಸೆಯ ಯೋಜನೆ ಇದ್ದಾಗಲೇ ಹೆಚ್ಚಾಗಿ ಮಾಡುತ್ತಾರೆ.

ವಯಸ್ಸು 40 ದಾಟಿಲ್ಲ, ಆದರೂ ಹೀಗಾದರೆ?

ಆಗ ಹುಡುಕಾಟ ಮೆದುಳಿನಲ್ಲೇ ನಿಲ್ಲಬಾರದು. ಯುವಕರಲ್ಲಿ ಈ ಸ್ಥಿತಿ ಕಂಡರೆ ಹಿಂದೆ ಆನುವಂಶಿಕ ಕಾಯಿಲೆ ಇರಬಹುದು. ಈ ವಿಷಯದಲ್ಲಿ ಗುಜರಾತ್‌ಗೂ ಕರ್ನಾಟಕಕ್ಕೂ ಹೇಳಬೇಕಾದ ಸ್ಥಳೀಯ ಸಂಗತಿಗಳಿವೆ.

ಮೊದಲನೆಯದು ಮೂತ್ರಪಿಂಡದಲ್ಲಿ ಗುಳ್ಳೆಗಳು ತುಂಬುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಈ ರೋಗಿಗಳಲ್ಲಿ ಮೆದುಳಿನ ಅನ್ಯೂರಿಸಮ್ ಹೆಚ್ಚು ಎಂಬುದು ಬಹುಮಂದಿಗೆ ಗೊತ್ತು, ನಾಳ ಹಿಗ್ಗುವುದೂ ಇವರಲ್ಲಿ ಕಂಡುಬರುತ್ತದೆ. ಅಹಮದಾಬಾದ್‌ನ ಅಸಾರ್ವಾದ ಸಿವಿಲ್ ಆಸ್ಪತ್ರೆ ಆವರಣದಲ್ಲಿ ಡಾ. ಎಚ್.ಎಲ್. ತ್ರಿವೇದಿ ಕಟ್ಟಿ ಬೆಳೆಸಿದ ಮೂತ್ರಪಿಂಡ ಸಂಸ್ಥೆ ಇದೆ. ಅಲ್ಲಿಗೆ ಹೋಗುವ ರೋಗಿಗಳು ತಲೆನೋವಿನ ಮಾತು ತೆಗೆಯುವುದೂ, ಮೆದುಳಿನ ವೈದ್ಯರಲ್ಲಿಗೆ ಹೋದವರು ಮನೆಯಲ್ಲಿ ಯಾರಿಗೆ ಡಯಾಲಿಸಿಸ್ ಆಗುತ್ತಿದೆ ಎಂದು ಹೇಳುವುದೂ ಅಷ್ಟೇ ಅಗತ್ಯ.

ಎರಡನೆಯದು ಫ್ಯಾಬ್ರಿ ಕಾಯಿಲೆ. ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವದ ಕೊರತೆಯಿಂದ ರಕ್ತನಾಳದ ಗೋಡೆಗಳಲ್ಲಿ ಒಂದು ಬಗೆಯ ಕೊಬ್ಬು ಸೇರಿಕೊಳ್ಳುತ್ತದೆ. ಬಾಲ್ಯದಿಂದಲೇ ಅಂಗೈ ಅಂಗಾಲು ಉರಿ, ಬೆವರು ಕಡಿಮೆ, ಹೊಕ್ಕುಳ ಮತ್ತು ತೊಡೆಯ ಸುತ್ತ ಕಡುಗೆಂಪು ಚುಕ್ಕೆಗಳು, ಮೂತ್ರದಲ್ಲಿ ಪ್ರೋಟೀನ್ ಇದರ ಸುಳಿವು. ಬ್ಯಾಸಿಲರ್ ಅಪಧಮನಿ ಹಿಗ್ಗುವುದು ಇದರಲ್ಲಿ ಪದೇ ಪದೇ ಕಂಡ ಗುರುತು. ಗಂಡಸರಲ್ಲಿ ರಕ್ತದ ಕಿಣ್ವ ಪರೀಕ್ಷೆ ಸಾಕಾಗುತ್ತದೆ. ಹೆಂಗಸರಲ್ಲಿ ಕಿಣ್ವ ಸಹಜವಾಗಿಯೇ ಬರಬಹುದಾದ್ದರಿಂದ ಜೀನ್ ಪರೀಕ್ಷೆ ಬೇಕು. ಇಂಥ ಕಿಣ್ವ ಕೊರತೆಯ ಕಾಯಿಲೆಗಳ ಪತ್ತೆಯಲ್ಲಿ ಅಹಮದಾಬಾದ್‌ನ ‘ಫ್ರಿಜ್’ ಮಾನವ ತಳಿವಿಜ್ಞಾನ ಸಂಸ್ಥೆ ದೇಶದಲ್ಲೇ ಹೆಸರುವಾಸಿ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯ ಪಟ್ಟಿಯಲ್ಲಿ ಫ್ಯಾಬ್ರಿಯೂ ಇದ್ದು, ಆ ನೀತಿಯಡಿ ಒಬ್ಬ ರೋಗಿಗೆ ಸಿಗಬಹುದಾದ ನೆರವಿನ ಮಿತಿ 50 ಲಕ್ಷ ರೂಪಾಯಿ. ಈ ಕಾರಣಕ್ಕೇ ಫ್ಯಾಬ್ರಿ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳುವುದು ವ್ಯರ್ಥದ ಖರ್ಚಲ್ಲ. ಡೋಲಿಕೋಎಕ್ಟೇಸಿಯಾಗೆ ಕಾರಣವಾಗುವ ಸ್ಥಿತಿಗಳಲ್ಲಿ ನಿರ್ದಿಷ್ಟ ಔಷಧ ಇರುವುದು ಬೆರಳೆಣಿಕೆಯಷ್ಟಕ್ಕೆ ಮಾತ್ರ.

ಮೂರನೆಯದು ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್. ಸೂರತ್‌ನಿಂದ ಕೆಳಗೆ ದಕ್ಷಿಣ ಗುಜರಾತ್‌ನ ಬುಡಕಟ್ಟು ಸಮುದಾಯಗಳಲ್ಲಿ ಇದು ಹೆಚ್ಚು, ಗುಜರಾತ್ 2006ರಲ್ಲೇ ಇದರ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ನಮ್ಮಲ್ಲಿ ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಸಮುದಾಯಗಳಲ್ಲೂ ಇದೆ. 2023ರ ಜುಲೈ 1ರಂದು ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಶುರುವಾಗಿದೆ. ಈ ಮಕ್ಕಳ ಮೆದುಳಿನ ರಕ್ತನಾಳಗಳು ಕಿರಿದಾಗುವುದೂ ಉಂಟು, ಹಿಗ್ಗಿ ತಿರುಚಿಕೊಳ್ಳುವುದೂ ಉಂಟು. ತಲೆಬುರುಡೆಯ ಮೇಲಿಂದಲೇ ರಕ್ತದ ವೇಗ ಅಳೆಯುವ ಡಾಪ್ಲರ್ ಪರೀಕ್ಷೆಯಿಂದ ಪಾರ್ಶ್ವವಾಯುವಿನ ಅಪಾಯ ಇರುವ ಮಕ್ಕಳನ್ನು ಮೊದಲೇ ಗುರುತಿಸಬಹುದು. ನೋವಿಲ್ಲ, ಸೂಜಿಯಿಲ್ಲ. ರಕ್ತಹೀನತೆಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿನ ಪೋಷಕರು ಇದನ್ನು ಕೇಳಿ ಮಾಡಿಸಿಕೊಳ್ಳಬೇಕು.

ಮಾರ್ಫಾನ್, ಎಹ್ಲರ್ಸ್ ಡ್ಯಾನ್ಲೋಸ್, ಪೊಂಪೆ ಕಾಯಿಲೆಗಳೂ ಈ ಪಟ್ಟಿಯಲ್ಲಿವೆ.

ಚಿಕಿತ್ಸೆಯಲ್ಲಿ ಕತ್ತಿಯ ಅಂಚು

ಹಿಗ್ಗಿದ ನಾಳವನ್ನು ಮತ್ತೆ ಮೊದಲಿನಂತೆ ಮಾಡುವ ಮಾತ್ರೆ ಇಲ್ಲ. ಮಾಡಬಹುದಾದ್ದು ಇನ್ನಷ್ಟು ಹಿಗ್ಗದಂತೆ ನೋಡಿಕೊಳ್ಳುವುದು, ಹೆಪ್ಪುಗಟ್ಟದಂತೆ ತಡೆಯುವುದು, ಒತ್ತಡದ ಲಕ್ಷಣಕ್ಕೆ ಪರಿಹಾರ ಕೊಡುವುದು. ಮೊದಲ ಔಷಧ ರಕ್ತದೊತ್ತಡದ ಹಿಡಿತ. ಗುಜರಾತ್‌ನಲ್ಲಿ ಫರ್ಸಾಣ್, ಪಾಪಡ್, ಅಥಾಣು, ನಮ್ಮ ಕಡೆ ಹಪ್ಪಳ, ಉಪ್ಪಿನಕಾಯಿ. ಉಪ್ಪಿನ ಲೆಕ್ಕ ಎರಡೂ ಕಡೆ ಒಂದೇ. ಮಾವಾ, ಗುಟ್ಕಾ, ಬೀಡಿ ಬಿಡಬೇಕೆಂಬುದೂ ಹಾಗೆಯೇ.

ರಕ್ತ ತೆಳು ಮಾಡುವ ಔಷಧದ ವಿಚಾರ ಸೂಕ್ಷ್ಮ. ಪಾರ್ಶ್ವವಾಯು ಒಮ್ಮೆ ಆದವರಿಗೆ ಸಾಮಾನ್ಯವಾಗಿ ಆಸ್ಪಿರಿನ್‌ನಂಥ ಔಷಧ ಕೊಡುತ್ತಾರೆ. ಆದರೆ ಗೋಡೆ ದುರ್ಬಲವಾದ ನಾಳದಲ್ಲಿ ರಕ್ತ ತೆಳುವಾದಷ್ಟೂ ಸೋರುವ ಅಪಾಯ ಹೆಚ್ಚು, ಒತ್ತಡ ಹೆಚ್ಚಿರುವವರಲ್ಲಿ ಇನ್ನೂ ಹೆಚ್ಚು. ಈ ಕಾಯಿಲೆಗೆಂದೇ ದೊಡ್ಡ ಪ್ರಯೋಗ ನಡೆಸಿ ‘ಇದೇ ಸರಿ’ ಎಂದು ತೀರ್ಮಾನಿಸಿದ ಔಷಧ ಕ್ರಮ ಇಲ್ಲ. ಒಬ್ಬೊಬ್ಬರ ಸ್ಕ್ಯಾನ್ ನೋಡಿ ತಜ್ಞರು ತೂಗಿ ನಿರ್ಧರಿಸುತ್ತಾರೆ. ಆದ್ದರಿಂದ ವರದಿ ಓದಿ ತಾವೇ ಮೆಡಿಕಲ್ ಶಾಪ್‌ನಿಂದ ಆಸ್ಪಿರಿನ್ ತರುವುದು, ಬರೆದುಕೊಟ್ಟದ್ದನ್ನು ‘ರಕ್ತ ಸೋರುತ್ತದಂತೆ’ ಎಂದು ತಾವೇ ನಿಲ್ಲಿಸುವುದು ಎರಡೂ ಬೇಡ.

ಮುಖದ ನೋವಿಗೆ ಮೊದಲು ಕಾರ್ಬಮಝೆಪಿನ್. ಶುರುವಾದ ವಾರಗಳಲ್ಲಿ ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಮುಖದ ಸೆಳೆತಕ್ಕೆ ಬೊಟುಲಿನಮ್ ಇಂಜೆಕ್ಷನ್ ಕೆಲವು ತಿಂಗಳು ಆರಾಮ ಕೊಡುತ್ತದೆ. ಇವು ಸಾಲದಿದ್ದರೆ ನರ ಮತ್ತು ನಾಳದ ನಡುವೆ ಟೆಫ್ಲಾನ್ ಮೆತ್ತೆ ಇಡುವ, ಅಥವಾ ನಾಳವನ್ನೇ ದೂರ ಸರಿಸಿ ಕಟ್ಟುವ ಶಸ್ತ್ರಚಿಕಿತ್ಸೆ. ಅಮೆರಿಕದ ಪೀಟರ್ ಜನೆಟಾ 1960ರ ದಶಕದಲ್ಲಿ ರೂಢಿಗೆ ತಂದ ವಿಧಾನ ಇದು. ಜಲಮಸ್ತಿಷ್ಕವಾದರೆ ದ್ರವ ಹೊರಹರಿಸುವ ಷಂಟ್. ನಾಳದೊಳಗೆ ಸ್ಟೆಂಟ್ ಕೂರಿಸುವ ಚಿಕಿತ್ಸೆ ಆಯ್ದ ಕೆಲವರಿಗೆ ಮಾತ್ರ. ಮೆದುಳುಕಾಂಡದ ಸಣ್ಣ ಕವಲುಗಳು ಮುಚ್ಚಿಹೋಗುವ ಭಯ ಅದರಲ್ಲಿ ದೊಡ್ಡದು.

ಕೈಕಾಲು ಸರಿಯಿದ್ದರೂ ಪಾರ್ಶ್ವವಾಯು ಇರಬಹುದು

ಬಾಯಿ ಸೊಟ್ಟಗಾಯಿತೇ, ಕೈ ಬಿದ್ದಿತೇ, ಮಾತು ತೊದಲಿತೇ ಎಂದು ನೋಡುವುದು ಈಗ ಬಹುಮಂದಿಗೆ ಗೊತ್ತು. ಮೆದುಳಿನ ಹಿಂಭಾಗದ ಪಾರ್ಶ್ವವಾಯು ಈ ಮೂರರಲ್ಲಿ ಯಾವುದನ್ನೂ ತೋರಿಸದೆ ಬರಬಹುದು. ಹಠಾತ್ತನೆ ತಲೆಸುತ್ತಿ ನೇರವಾಗಿ ನಿಲ್ಲಲಾಗದಿರುವುದು, ಎರಡೆರಡು ಕಾಣುವುದು, ನೀರು ಕುಡಿದರೆ ಮೂಗಿಗೆ ಬರುವುದು ಅಥವಾ ನೆತ್ತಿಗೇರುವುದು, ದನಿ ಒಡೆಯುವುದು, ನಿಲ್ಲದ ಬಿಕ್ಕಳಿಕೆ, ಮಂಪರು. ಇದನ್ನು ‘ಪಿತ್ತ’, ‘ಗ್ಯಾಸ್’ ಎಂದು ಮಜ್ಜಿಗೆ ಕುಡಿಸಿ ಮಲಗಿಸುವುದೇ ಹೆಚ್ಚು. ಮೊದಲ ಗಂಟೆಗಳ ಸಿಟಿ ಸ್ಕ್ಯಾನ್ ಸಹಜವಾಗಿಯೇ ಬರಬಹುದು. ಲಕ್ಷಣ ಇದ್ದರೆ ಅದೊಂದನ್ನೇ ನಂಬಿ ಮನೆಗೆ ಮರಳಬಾರದು.

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ಬ್ಯಾಸಿಲರ್ ಅಪಧಮನಿಯೇ ಮುಚ್ಚಿದವರಲ್ಲಿ ಕೊಳವೆ ತೂರಿಸಿ ಹೆಪ್ಪು ಎಳೆದು ತೆಗೆಯುವುದರಿಂದ ಲಾಭವಿದೆ ಎಂದು ಚೀನಾದ ಎರಡು ದೊಡ್ಡ ಪ್ರಯೋಗಗಳು 2022ರಲ್ಲಿ ತೋರಿಸಿದವು. ಅವುಗಳಲ್ಲಿ ಒಂದು 6ರಿಂದ 24 ಗಂಟೆಯೊಳಗೆ ಬಂದ ರೋಗಿಗಳ ಮೇಲೆ ನಡೆದದ್ದು. ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿ ಇಲ್ಲ. 108 ಗುಜರಾತ್‌ನಲ್ಲೂ ಕರ್ನಾಟಕದಲ್ಲೂ ಒಂದೇ ಸಂಖ್ಯೆ. ಕರೆ ಮಾಡಿದಾಗ ‘ತಲೆಸುತ್ತು’ ಎಂದಷ್ಟೇ ಹೇಳದೆ ‘ಪಾರ್ಶ್ವವಾಯು ಅನುಮಾನ, ಶುರುವಾದದ್ದು ಇಷ್ಟು ಗಂಟೆಗೆ’ ಎಂದು ಹೇಳಿ. ಅಹಮದಾಬಾದ್‌ನಲ್ಲಿ ಅಸಾರ್ವಾ ಸಿವಿಲ್ ಆಸ್ಪತ್ರೆ, ವಡೋದರಾದಲ್ಲಿ ಸಯಾಜಿರಾವ್ ಹೆಸರಿನ ಎಸ್‌ಎಸ್‌ಜಿ, ಸೂರತ್‌ನಲ್ಲಿ ನ್ಯೂ ಸಿವಿಲ್ ಮತ್ತು ಮಹಾನಗರ ಪಾಲಿಕೆಯ ಸ್ಮೀಮೇರ್ ದೊಡ್ಡ ಸರ್ಕಾರಿ ಆಸ್ಪತ್ರೆಗಳು. ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಹೆಪ್ಪು ತೆಗೆಯುವ ವ್ಯವಸ್ಥೆ ಇದೆ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳುವುದು ಈ ಕಾಯಿಲೆ ಇರುವ ಮನೆಯವರ ಕೆಲಸ.

ಲಕ್ಷಣ ಇಲ್ಲದವರಿಗೂ ಕಾಲಕಾಲಕ್ಕೆ ಮತ್ತೆ ಸ್ಕ್ಯಾನ್ ಬೇಕಾಗುತ್ತದೆ, ನಾಳ ಬೆಳೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹಳೆಯದರ ಜತೆ ಹೋಲಿಸಿದಾಗ ಮಾತ್ರ. ಊರಿಗೆ ಮರಳಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಬೇಕೆಂದು ಹೊರಡುವವರು ಗುಜರಾತ್‌ನಲ್ಲಿ ಮಾಡಿಸಿದ ಸ್ಕ್ಯಾನ್‌ನ ಎರಡು ಪುಟದ ವರದಿಯನ್ನಷ್ಟೇ ತಂದರೆ ಸಾಲದು. ಅಳತೆ ತೆಗೆಯಲು ಮೂಲ ಚಿತ್ರಗಳೇ ಬೇಕು. ಸ್ಕ್ಯಾನ್ ಕೇಂದ್ರದವರು ಅವನ್ನು ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೊಡುತ್ತಾರೆ, ಕೇಳಿ ಪಡೆಯಬೇಕು. ಮೂರು ವರ್ಷದ ಹಿಂದೆ ಬೇರೆ ಕಾರಣಕ್ಕೆ ಮಾಡಿಸಿದ ತಲೆಯ ಸ್ಕ್ಯಾನ್ ಅಲಮಾರಿನಲ್ಲಿದ್ದರೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.